216 ಟನ್ ಅವಶೇಷ, 47 ಲೋಡ್: ಹಸಿರು ನವೀಕರಣದಲ್ಲಿ ಕಸದ ಲೆಕ್ಕ ಇಟ್ಟ ಅನುಭವ

ಹಳೆಯ ಕಚೇರಿ ಕಟ್ಟಡವೊಂದರ ನವೀಕರಣದಲ್ಲಿ ಹೊರಬಿದ್ದ ಅವಶೇಷಗಳ ಲೆಕ್ಕ ಇಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಏಳೆಂಟು ತಿಂಗಳು ಅದರಲ್ಲೇ ಕಳೆದು, ಕಳೆದ ವಾರ ಆ ಕಡತವನ್ನು ಮುಚ್ಚಿದ್ದೇನೆ. ಕಂಬ, ತೊಲೆ, ಹೊರಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಮೂರು ಮಹಡಿಗಳ 1,800 ಚದರ ಮೀಟರ್ ಒಳಾಂಗಣವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸ ಅದು. ಬಿಚ್ಚಿದ್ದರಲ್ಲಿ ಎಷ್ಟು ಪಾಲು ಮರುಬಳಕೆಗೆ ಹೋಯಿತು ಎಂದು ಕೇಳಿದವರಿಗೆ ನಾನು ಮೊದಲು ಶೇಕಡಾ 92 ಎಂದೆ, ಆಮೇಲೆ 81 ಎಂದೆ, ಕೊನೆಗೆ ದಾಖಲೆಯಲ್ಲಿ ನಿಂತದ್ದು 69.9. ಈ ನಡುವೆ ಒಂದು ಇಟ್ಟಿಗೆಯೂ ಹೆಚ್ಚಾಗಿ ಒಡೆಯಲಿಲ್ಲ, ಒಂದು ಲೋಡೂ ಬೇರೆ ಕಡೆಗೆ ಹೋಗಲಿಲ್ಲ. ಬದಲಾದದ್ದು ನನ್ನ ತಿಳಿವಳಿಕೆ ಮಾತ್ರ. ಇದೇ ಕೆಲಸಕ್ಕೆ ಇಳಿಯುವವರು ನನ್ನಷ್ಟು ತಡವಾಗಿ ತಿಳಿದುಕೊಳ್ಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಯೋಜನೆ ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ರೂಪಿಸಿದ, ಹಸಿರು ಕಟ್ಟಡಗಳಿಗೆ ಅಂಕಗಳ ಆಧಾರದಲ್ಲಿ ಪ್ರಮಾಣಪತ್ರ ಕೊಡುವ ಲೀಡ್ ಮಾನದಂಡದ ನಾಲ್ಕನೆಯ ಆವೃತ್ತಿಯಡಿ ನೋಂದಣಿಯಾಗಿತ್ತು. 2013ರಲ್ಲಿ ಹೊರಬಂದ ಈ ಆವೃತ್ತಿಯಲ್ಲಿ ಕಟ್ಟಡ ತ್ಯಾಜ್ಯಕ್ಕೆ ಸಂಬಂಧಿಸಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು, ಕೆಲಸ ಆರಂಭವಾಗುವ ಮೊದಲೇ ಬರೆದಿಡಬೇಕಾದ ತ್ಯಾಜ್ಯ ನಿರ್ವಹಣಾ ಯೋಜನೆ. ಇದು ಕಡ್ಡಾಯ, ಇದಕ್ಕೆ ಅಂಕವಿಲ್ಲ. ಇನ್ನೊಂದು, ಕಸ ಹೂಳುವ ಭೂಭರ್ತಿ ಜಾಗಕ್ಕೆ ಹೋಗದಂತೆ ತಪ್ಪಿಸಿದ ಪಾಲಿಗೆ ಸಿಗುವ ಅಂಕ. ಒಟ್ಟು ತ್ಯಾಜ್ಯದ ಅರ್ಧದಷ್ಟನ್ನು ಮೂರು ಬಗೆಯ ವಸ್ತುಗಳಾಗಿ ವಿಂಗಡಿಸಿ ತಪ್ಪಿಸಿದರೆ ಒಂದು ಅಂಕ, ಮುಕ್ಕಾಲು ಭಾಗವನ್ನು ನಾಲ್ಕು ಬಗೆಗಳಲ್ಲಿ ತಪ್ಪಿಸಿದರೆ ಎರಡು ಅಂಕ. ಎರಡು ಅಂಕಕ್ಕೆ ಮತ್ತೊಂದು ದಾರಿಯೂ ಇದೆ, ಚದರ ಮೀಟರಿಗೆ 12.2 ಕಿಲೋಗಿಂತ ಹೆಚ್ಚು ತ್ಯಾಜ್ಯವೇ ಹುಟ್ಟದಂತೆ ನೋಡಿಕೊಳ್ಳುವುದು. ನಮ್ಮ ವಿಸ್ತೀರ್ಣಕ್ಕೆ ಅದು ಸುಮಾರು 22 ಟನ್ ಆಗುತ್ತದೆ. ಹೊಸ ಕಟ್ಟಡ ಕಟ್ಟುವವರು ಅದನ್ನು ಯೋಚಿಸಬಹುದು. ಹಳೆಯದನ್ನು ಬಿಚ್ಚುವವರಿಗೆ ಒಂದು ಮಹಡಿಯ ನೆಲ ಕೀಳುವಷ್ಟರಲ್ಲೇ ಆ ಮಿತಿ ದಾಟಿಹೋಗುತ್ತದೆ, ಆದ್ದರಿಂದ ಆ ದಾರಿಯನ್ನು ಮೊದಲ ಸಭೆಯಲ್ಲೇ ಕೈಬಿಟ್ಟೆವು.

ಅಂಕವಿಲ್ಲ ಎಂಬ ಕಾರಣಕ್ಕೋ ಏನೋ, ಯೋಜನೆಯ ಪತ್ರವನ್ನು ನಾನು ಹಗುರವಾಗಿ ತೆಗೆದುಕೊಂಡೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ. ಕನಿಷ್ಠ ಐದು ಬಗೆಯ ವಸ್ತುಗಳನ್ನು ಗುರುತಿಸಬೇಕು, ಪ್ರತಿಯೊಂದರ ಅಂದಾಜು ಪ್ರಮಾಣ ಬರೆಯಬೇಕು, ಅವುಗಳನ್ನು ಸೈಟಿನಲ್ಲೇ ವಿಂಗಡಿಸುತ್ತೀರೋ ಒಟ್ಟಾಗಿ ಕಳಿಸುತ್ತೀರೋ ಹೇಳಬೇಕು, ಎಲ್ಲಿಗೆ ಕಳಿಸುತ್ತೀರಿ ಮತ್ತು ಅಲ್ಲಿನವರು ಅದನ್ನು ಏನು ಮಾಡುತ್ತಾರೆ ಎಂಬುದನ್ನೂ ವಿವರಿಸಬೇಕು ಎಂದು ನಿಯಮ ಹೇಳುತ್ತದೆ. ಕೊನೆಯ ಪ್ರಶ್ನೆಯ ಮುಂದೆ ನಾನು ಹಿಂದಿನ ಯಾವುದೋ ಕೆಲಸದ ಪತ್ರದಿಂದ ಎತ್ತಿಕೊಂಡ ಒಂದೇ ಸಾಲು ಬರೆದಿದ್ದೆ: ‘ಮರುಬಳಕೆ ಕೇಂದ್ರಕ್ಕೆ ಕಳುಹಿಸಲಾಗುವುದು.’ ಯಾವ ಕೇಂದ್ರ, ಅದು ಜಲ್ಲಿ ಮಾಡುತ್ತದೆಯೋ ಗುಂಡಿ ಮುಚ್ಚುತ್ತದೆಯೋ ಎಂದು ಯಾರನ್ನೂ ಕೇಳಲಿಲ್ಲ. ಆ ಸಾಲಿನ ಬೆಲೆ ಎಷ್ಟೆಂಬುದು ಆರು ತಿಂಗಳ ನಂತರ ತಿಳಿಯಿತು.

ಅಂದಾಜಿನಲ್ಲೂ ಎಡವಿದೆ. ಗೋಡೆಗಳ ಉದ್ದ, ಎತ್ತರ, ದಪ್ಪ ಅಳೆದು ಘನ ಅಳತೆ ಹಾಕಿ, ಇಟ್ಟಿಗೆ ಗೋಡೆಗೆ ಘನ ಮೀಟರಿಗೆ 1,900 ಕಿಲೋ ಎಂದು ಹಿಡಿದು ಒಟ್ಟು 150 ಟನ್ ಎಂದು ಬರೆದೆ. ನೆಲದ ಟೈಲುಗಳನ್ನೂ ಎಣಿಸಿದ್ದೆ, ಆದರೆ ಟೈಲಿನ ಕೆಳಗಿನ ಗಾರೆಯ ಹಾಸನ್ನು ಮರೆತಿದ್ದೆ. ಐದು ಸೆಂಟಿಮೀಟರ್ ದಪ್ಪದ ಗಾರೆಯೆಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ 100 ಕಿಲೋ. ಅಂತಹ ಒಂದೇ ಮಹಡಿಯ 600 ಚದರ ಮೀಟರ್ ಕಿತ್ತರೆ 60 ಟನ್ ಹೆಚ್ಚಾಗಿಬಿಡುತ್ತದೆ. ನಮ್ಮಲ್ಲಿ ಆದದ್ದೂ ಅದೇ. ನೀವು ಅಂದಾಜು ಮಾಡುವುದಾದರೆ ಒಂದೊಂದು ಮಹಡಿಯಲ್ಲೂ ಅಂಗೈ ಅಗಲದ ಜಾಗವನ್ನು ಸ್ಲ್ಯಾಬಿನವರೆಗೆ ಅಗೆಸಿ ನೋಡಿ. ಅರ್ಧ ದಿನದ ಆ ಕೆಲಸ ಟಿಪ್ಪರುಗಳ ಲೆಕ್ಕವನ್ನೇ ಬದಲಿಸುತ್ತದೆ.

ಒಡೆಯಲು ಆಳುಗಳು ಬಂದು ನಿಂತ ದಿನವೇ ಕೆಲಸ ನಿಂತಿತು. ನೆಲಮಾಳಿಗೆಯ ಬಿಸಿನೀರಿನ ಕೊಳವೆಗಳಿಗೆ ಸುತ್ತಿದ್ದ ಬೂದುಬಣ್ಣದ ಹೊದಿಕೆಯನ್ನು ನೋಡಿದ ಸುರಕ್ಷತಾ ಅಧಿಕಾರಿ, ಅದು ಕಲ್ನಾರು ಅಲ್ಲವೆಂಬ ವರದಿ ಬರುವವರೆಗೆ ಯಾರೂ ಸುತ್ತಿಗೆ ಎತ್ತಬಾರದು ಎಂದರು. ಕಲ್ನಾರು ಅಂದರೆ ಆಸ್ಬೆಸ್ಟಾಸ್. ಮುಟ್ಟದೆ ಬಿಟ್ಟರೆ ಸುಮ್ಮನಿರುವ ಅದರ ನಾರುಗಳು, ಒಡೆದಾಗ ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಕ್ಕರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲವು. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಹನ್ನೊಂದು ದಿನ ಕಾದೆವು. ಕೆಲಸವಿಲ್ಲದ ಆಳುಗಳಿಗೆ ಕೂಲಿ ಕೊಡಬೇಕಾಯಿತು, ಬಾಡಿಗೆಗೆ ತಂದ ತೊಟ್ಟಿಗಳು ಖಾಲಿ ನಿಂತಿದ್ದರೂ ಬಾಡಿಗೆ ಓಡುತ್ತಲೇ ಇತ್ತು, ಮಾಲೀಕರು ದಿನವೂ ಫೋನ್ ಮಾಡುತ್ತಿದ್ದರು. ಹಳೆಯ ವಿನೈಲ್ ಟೈಲುಗಳಲ್ಲಿ ಏನೂ ಸಿಗಲಿಲ್ಲ, ಕೊಳವೆಯ ಹೊದಿಕೆಯಲ್ಲಿ ಮಾತ್ರ ಕಲ್ನಾರು ಇತ್ತು. ಪರವಾನಗಿ ಪಡೆದ ತಂಡವೊಂದು ಬಂದು, ಆ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಒದ್ದೆ ಮಾಡಿ ಬಿಚ್ಚಿ, ಎರಡು ಪದರದ ಚೀಲಗಳಲ್ಲಿ ತುಂಬಿ ತೆಗೆದುಕೊಂಡು ಹೋಯಿತು. ಈ ಪರೀಕ್ಷೆಯನ್ನು ಗುತ್ತಿಗೆ ಕರೆಯುವ ಮೊದಲೇ ಮಾಡಿಸಿದ್ದರೆ ಆ ಹನ್ನೊಂದು ದಿನ ಯಾರ ಜೇಬಿಗೂ ಹೊರೆಯಾಗುತ್ತಿರಲಿಲ್ಲ. ಪಾದರಸವಿರುವ ಹಳೆಯ ಟ್ಯೂಬ್‌ಲೈಟುಗಳು, ಎಸಿಗಳಲ್ಲಿ ಉಳಿದಿದ್ದ ಅನಿಲ ಇವುಗಳಿಗೂ ಪ್ರತ್ಯೇಕ ದಾರಿ ಬೇಕಾಯಿತು. ಇಂತಹ ಅಪಾಯಕಾರಿ ವಸ್ತುಗಳು ಮರುಬಳಕೆಯ ಶೇಕಡಾವಾರು ಲೆಕ್ಕದ ಒಳಗೇ ಬರುವುದಿಲ್ಲ. ಆದರೆ ಅವುಗಳ ವಿಲೇವಾರಿ ಪತ್ರಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕೆಡಹುವ ಕೆಲಸ ಶುರುವಾದ ಮೇಲೆ ತಿಳಿದದ್ದೆಂದರೆ, ವಿಂಗಡಣೆ ನಡೆಯುವುದು ತೊಟ್ಟಿಯ ಬಳಿಯಲ್ಲ, ಬಿಚ್ಚುವ ಕ್ರಮದಲ್ಲಿ. ಮೊದಲ ವಾರ ಗೋಡೆ, ಫಾಲ್ಸ್ ಸೀಲಿಂಗ್, ವೈರುಗಳನ್ನು ಒಟ್ಟಿಗೆ ಕೆಡವಿದಾಗ ನೆಲದ ಮೇಲೆ ಬಿದ್ದದ್ದು ಯಾರಿಂದಲೂ ಬೇರ್ಪಡಿಸಲಾಗದ ಒಂದು ರಾಶಿ. ಬಾಗಿಲಲ್ಲೇ ನಿಂತು ಬರೆದುಕೊಳ್ಳುತ್ತಿದ್ದ ನನ್ನನ್ನು ನೋಡಿ ಮೇಸ್ತ್ರಿ, “ಏನು ಬರೆದರೂ ಕಸ ಕಸವೇ ಅಲ್ಲವೇ ಮೇಡಂ” ಎಂದು ನಕ್ಕರು. ನಾನು ನಗಲಿಲ್ಲ, ಆದರೆ ನಿಯಮ ಓದಿ ಹೇಳಿದ್ದರಿಂದಲೂ ಏನೂ ಆಗಲಿಲ್ಲ. ಕಡೆಗೆ ಉಪಾಯ ಹೇಳಿದವರು ಅವರೇ. ಒಂದು ಮಹಡಿಯಲ್ಲಿ ಮೊದಲು ಬಾಗಿಲು, ಕಿಟಕಿ, ದೀಪ ಬಿಚ್ಚುವುದು, ಆಮೇಲೆ ವೈರು ಮತ್ತು ಲೋಹದ ಕೊಳವೆ, ಆಮೇಲೆ ಜಿಪ್ಸಂ ಬೋರ್ಡ್, ಕೊನೆಗೆ ಇಟ್ಟಿಗೆ ಗೋಡೆ ಮತ್ತು ನೆಲ. ಒಂದು ವಸ್ತು ಆ ಮಹಡಿಯಿಂದ ಪೂರ್ತಿ ಕೆಳಗಿಳಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕುವುದು. ಗುಜರಿಯ ಹಣದಲ್ಲಿ ಒಂದು ಪಾಲನ್ನು ಆಳುಗಳಿಗೆ ಕೊಡುವುದಾಗಿ ಗುತ್ತಿಗೆದಾರರು ಒಪ್ಪಿದ ಮೇಲಂತೂ ಒಂದು ತುಂಡು ತಾಮ್ರವೂ ಡೆಬ್ರಿಸ್ ರಾಶಿಗೆ ಬೀಳಲಿಲ್ಲ. ಆ ಮೊದಲ ವಾರದ ರಾಶಿ, ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ಸೇರಿದ್ದು, ಎಲ್ಲ ಕೂಡಿ 31 ಟನ್ ‘ಮಿಶ್ರ’ ಎಂಬ ಹೆಸರಿನಲ್ಲಿ ಉಳಿಯಿತು.

ಜಿಪ್ಸಂ ಬೋರ್ಡಿನದು ಬೇರೆಯೇ ಕಥೆ. ಒಣಗಿರುವ, ಬಣ್ಣ ಮತ್ತು ಟೈಲಿನ ಅಂಟಿಲ್ಲದ ಬೋರ್ಡನ್ನು ಮತ್ತೆ ಜಿಪ್ಸಂ ಆಗಿಸಬಹುದು. ಭೂಭರ್ತಿ ಜಾಗದಲ್ಲಿ ಹೂತರೆ ಮಾತ್ರ ಗಾಳಿಯಿಲ್ಲದ ತೇವದಲ್ಲಿ ಬ್ಯಾಕ್ಟೀರಿಯಾಗಳು ಅದರಲ್ಲಿನ ಸಲ್ಫೇಟನ್ನು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತವೆ. ಆದ್ದರಿಂದ ಇದನ್ನು ಉಳಿಸಲೇಬೇಕೆಂಬ ಹಟ ನನಗಿತ್ತು. ಒಂದು ಶನಿವಾರ ಸಂಜೆ ತೊಟ್ಟಿಗೆ ಟಾರ್ಪಾಲು ಹೊದಿಸುವುದನ್ನು ಮರೆತೆವು, ರಾತ್ರಿಯಿಡೀ ಮಳೆ ಸುರಿಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ಬೋರ್ಡುಗಳು ನೆನೆದು ಗಂಜಿಯಾಗಿದ್ದವು. ತೆಗೆದುಕೊಳ್ಳಲು ಒಪ್ಪಿದ್ದವರು ಫೋಟೋ ನೋಡಿಯೇ ಬೇಡವೆಂದರು. ಒಂಬತ್ತು ಟನ್ನಿನಲ್ಲಿ ಐದು ಟನ್ ಭೂಭರ್ತಿಗೆ ಹೋಯಿತು. ಆ ಐದು ಟನ್ನಿನಲ್ಲಿ ಮಳೆನೀರಿನ ತೂಕವೂ ಸೇರಿತ್ತು ಎಂಬುದು ಗಾಯದ ಮೇಲೆ ಬರೆ. ನೆನೆದ ಬೋರ್ಡು ನಮ್ಮ ಒಳ್ಳೆಯ ಅಂಕಣದಿಂದ ಹೊರಬಿದ್ದು, ಇನ್ನಷ್ಟು ಭಾರವಾಗಿ ಕೆಟ್ಟ ಅಂಕಣಕ್ಕೆ ಸೇರಿಕೊಂಡಿತು.

ಇನ್ನು ತೂಕ. ಈ ಲೆಕ್ಕವನ್ನು ತೂಕದಲ್ಲಾದರೂ ಮಾಡಬಹುದು, ಘನ ಅಳತೆಯಲ್ಲಾದರೂ ಮಾಡಬಹುದು, ಆದರೆ ಆರಂಭದಿಂದ ಕೊನೆಯವರೆಗೆ ಒಂದೇ ಇರಬೇಕು. ನಾವು ತೂಕವನ್ನು ಆರಿಸಿಕೊಂಡೆವು. ಒಟ್ಟು 47 ಲೋಡುಗಳು ಹೊರಹೋದವು, ಪ್ರತಿ ಲೋಡಿಗೂ ವೇಬ್ರಿಡ್ಜ್‌ನಲ್ಲಿ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಇವೆರಡರ ವ್ಯತ್ಯಾಸ ಇರುವ ಚೀಟಿ ಬರಬೇಕು. ಮೂರನೆಯ ವಾರ ಚೀಟಿಗಳನ್ನು ಸಾಲಾಗಿ ಜೋಡಿಸಿದಾಗ ಒಂದೇ ಟಿಪ್ಪರಿನ ಖಾಲಿ ತೂಕ ಪ್ರತಿ ದಿನವೂ ಕಿಲೋ ಬಿಡದೆ ಒಂದೇ ಇರುವುದು ಕಣ್ಣಿಗೆ ಬಿತ್ತು. ಕೆಸರು ಮೆತ್ತಿದ, ಡೀಸೆಲ್ ಏರಿಳಿಯುವ ಗಾಡಿ ಹಾಗೆ ತೂಗುವುದಿಲ್ಲ. ವಿಚಾರಿಸಿದಾಗ, ಸಮಯ ಉಳಿಸಲೆಂದು ಖಾಲಿ ಗಾಡಿಯನ್ನು ಮತ್ತೆ ತೂಗದೆ ಕಂಪ್ಯೂಟರಿನಲ್ಲಿದ್ದ ಹಳೆಯ ಸಂಖ್ಯೆಯನ್ನೇ ಹಾಕುತ್ತಿದ್ದುದು ತಿಳಿಯಿತು. ನಿಜವಾಗಿ ತೂಗಿಸಿದಾಗ 340 ಕಿಲೋ ವ್ಯತ್ಯಾಸ ಬಂತು. ಅಂದಿನಿಂದ ಎರಡೂ ತೂಕಗಳ ಮುಂದೆ ಬೇರೆ ಬೇರೆ ಸಮಯ ಅಚ್ಚಾಗಿರದ ಚೀಟಿಯನ್ನು ನಾನು ಸ್ವೀಕರಿಸಲಿಲ್ಲ. ಮೊದಲ ಕೆಲವು ಲೋಡುಗಳನ್ನು ಹೊಸ ಖಾಲಿ ತೂಕದಿಂದ ತಿದ್ದಿ, ಏಕೆ ತಿದ್ದಿದೆ ಎಂಬುದನ್ನು ಪಕ್ಕದಲ್ಲೇ ಬರೆದಿಟ್ಟೆ.

ಚೀಟಿಗಳ ಬಗ್ಗೆ ಇನ್ನೊಂದು ಮಾತು. ಅವು ಶಾಖದಿಂದ ಅಚ್ಚಾಗುವ ಕಾಗದದವು. ಬಿಸಿಲು ಬೀಳುವ ಮೇಜಿನ ಮೇಲಿಟ್ಟ ಕೆಲವು ಎರಡು ತಿಂಗಳಲ್ಲಿ ಬಿಳಿಯಾಗಿಹೋದವು. ಅವುಗಳಲ್ಲಿ ಎರಡರ ನಕಲನ್ನು ಮರಳಿ ಪಡೆಯಲು ಸಾಧ್ಯವಾದದ್ದು, ಗೇಟಿನಲ್ಲಿ ದಿನಾಂಕ, ಗಾಡಿಯ ಸಂಖ್ಯೆ, ವಸ್ತು, ಹೊರಟ ಸಮಯಗಳನ್ನು ಒಂದು ಸಾಮಾನ್ಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರಿಂದ. ಎಕ್ಸೆಲ್ ಹಾಳೆ ಎಷ್ಟೇ ಚೆಂದವಿದ್ದರೂ ಅದರ ಬೇರು ಆ ನೋಟ್‌ಬುಕ್ಕಿನಲ್ಲಿರಬೇಕು. ಚೀಟಿ ಕೈಗೆ ಬಂದ ದಿನವೇ ಫೋಟೋ ತೆಗೆದು, ಫೋಟೋದ ಹೆಸರಿನಲ್ಲೇ ಲೋಡಿನ ಸಂಖ್ಯೆ ಬರುವಂತೆ ಇಟ್ಟುಕೊಳ್ಳಿ.

ಕೆಡಹುವ ಕೆಲಸ ಮುಗಿದಾಗ ಲೆಕ್ಕ ಹೀಗಿತ್ತು: ಇಟ್ಟಿಗೆ, ಗಾರೆ, ಟೈಲು, ಕಾಂಕ್ರೀಟು ಸೇರಿ 142 ಟನ್, ಲೋಹ 14, ಮರ 11, ಜಿಪ್ಸಂ 9, ಗಾಜು 4, ಹೊಸ ಸಾಮಾನಿನ ಜೊತೆ ಬಂದ ರಟ್ಟು 3, ಕಾರ್ಪೆಟ್ 2, ಮತ್ತು ಆ 31 ಟನ್ ಮಿಶ್ರ. ಮರದಲ್ಲಿ ರಾಸಾಯನಿಕ ಹಾಕಿದ ಮೂರು ಟನ್ನನ್ನು ಮರುಬಳಕೆಗೆ ಯಾರೂ ಮುಟ್ಟಲಿಲ್ಲ, ಕಾರ್ಪೆಟ್ಟನ್ನೂ ಮುಟ್ಟಲಿಲ್ಲ. ಮಿಶ್ರ ತ್ಯಾಜ್ಯ ತೆಗೆದುಕೊಂಡ ಕೇಂದ್ರದವರು ತಮ್ಮಲ್ಲಿ ಶೇಕಡಾ 80ರಷ್ಟು ಬೇರ್ಪಡುತ್ತದೆ ಎಂದು ಪತ್ರ ಕೊಟ್ಟರು. ಅದನ್ನೂ ಸೇರಿಸಿಕೊಂಡು ನಾನು ಶೇಕಡಾ 92 ಎಂದು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ್ದು.

ಆ ಪತ್ರವನ್ನು ಓದಿದ ನಮ್ಮ ಹಸಿರು ಕಟ್ಟಡ ಸಲಹೆಗಾರರು ಒಂದೇ ಪ್ರಶ್ನೆ ಕೇಳಿದರು, ಈ ಶೇಕಡಾ 80 ಬಂದದ್ದು ಹೇಗೆ ಎಂದು. ಕೇಂದ್ರಕ್ಕೆ ಫೋನ್ ಮಾಡಿದೆ. ರಾಶಿಯನ್ನು ನೋಡಿದರೇ ಅಂದಾಜಾಗುತ್ತದೆ ಎಂಬ ಉತ್ತರ ಬಂತು. ಕಣ್ಣಂದಾಜನ್ನು ಈ ಅಂಕಕ್ಕೆ ಪುರಾವೆಯೆಂದು ಒಪ್ಪುವುದಿಲ್ಲ. ಒಟ್ಟಾಗಿ ಕಳಿಸಿದ ತ್ಯಾಜ್ಯಕ್ಕೆ ಕೇಂದ್ರದ ಸರಾಸರಿಯನ್ನು ಬಳಸಬೇಕಾದರೆ ಆ ಸರಾಸರಿ ಸರ್ಕಾರಿ ಪ್ರಾಧಿಕಾರದ ನಿಯಂತ್ರಣಕ್ಕೆ ಒಳಪಟ್ಟಿರಬೇಕು, ಇಲ್ಲವೇ ನಮ್ಮದೇ ಲೋಡನ್ನು ಬೇರ್ಪಡಿಸಿ ತೂಗಿದ ದಾಖಲೆ ಇರಬೇಕು. ಎರಡೂ ಇರಲಿಲ್ಲ. ಮೂವತ್ತೊಂದು ಟನ್ನಿನ ಮುಂದೆ ಸೊನ್ನೆ ಬರೆದೆ, ಶೇಕಡಾ 81 ಉಳಿಯಿತು. ಬೇಸರವಾದರೂ 75ರ ಗೆರೆಯ ಮೇಲೇ ಇದ್ದೆವು, ಹಾಗಾಗಿ ನೆಮ್ಮದಿಯಿಂದಲೇ ಕಡತ ಸಲ್ಲಿಸಿದೆವು.

ಐದು ವಾರಗಳ ನಂತರ ಲೀಡ್ ಪರಿಶೀಲಕರಿಂದ ಒಂದು ಸ್ಪಷ್ಟೀಕರಣ ಕೇಳಿ ಪತ್ರ ಬಂತು. ಇಟ್ಟಿಗೆ ಅವಶೇಷದ ಮೂರು ಚೀಟಿಗಳಲ್ಲಿ ತಲುಪಿದ ಸ್ಥಳ ಬೇರೆಯದಾಗಿದೆ, ಅಲ್ಲಿ ಆ ವಸ್ತು ಏನಾಯಿತು ಎಂಬುದು ಪ್ರಶ್ನೆ. ಆ ಮೂರೂ ಚೀಟಿಗಳನ್ನು ನಾನೇ ಫೋಟೋ ತೆಗೆದಿದ್ದೆ, ನಾನೇ ಹಾಳೆಗೆ ಏರಿಸಿದ್ದೆ. ತೂಕದ ಮೇಲೆ ನೆಟ್ಟ ಕಣ್ಣು ಸ್ಥಳದ ಹೆಸರಿನ ಮೇಲೆ ಹೋಗಿರಲಿಲ್ಲ. ಟಿಪ್ಪರ್ ಚಾಲಕರನ್ನು ಹುಡುಕಿ ಕೇಳಿದೆ. ಜಲ್ಲಿ ಮಾಡುವ ಯಂತ್ರ ಎರಡು ದಿನ ಕೆಟ್ಟಿದ್ದರಿಂದ ಅವರು ಎಂಟೆಂಟು ಟನ್ನಿನ ಮೂರು ಲೋಡುಗಳನ್ನು ಹತ್ತಿರದ ಭೂಭರ್ತಿ ಜಾಗಕ್ಕೆ ಒಯ್ದಿದ್ದರು. ಅಲ್ಲಿನವರಿಗೆ ದಿನದ ಕಸದ ಮೇಲೆ ಹೊದಿಸಲು ಅಂತಹ ಪುಡಿ ಬೇಕೇ ಇತ್ತು. “ಅವರು ಉಪಯೋಗಿಸಿಕೊಂಡರಲ್ಲ ಮೇಡಂ, ಎಸೆಯಲಿಲ್ಲ” ಎಂದರು ಚಾಲಕರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಐರೋಪ್ಯ ಒಕ್ಕೂಟದ 2008ರ ತ್ಯಾಜ್ಯ ನಿರ್ದೇಶನ 2020ಕ್ಕೆಂದು ಗೊತ್ತುಮಾಡಿದ ಶೇಕಡಾ 70ರ ಗುರಿಯಲ್ಲಿ, ಬೇರೆ ವಸ್ತುವಿನ ಬದಲಿಗೆ ಅವಶೇಷವನ್ನು ಬಳಸಿ ಗುಂಡಿ ತುಂಬಿದರೂ ಲೆಕ್ಕಕ್ಕೆ ಬರುತ್ತದೆ. ಆದರೆ ಲೀಡ್‌ನ ನಾಲ್ಕನೆಯ ಆವೃತ್ತಿ, ಭೂಭರ್ತಿಯ ದಿನದ ಹೊದಿಕೆಯಾಗಿ ಬಳಕೆಯಾದದ್ದು ತಪ್ಪಿಸಿದ ಪಾಲಲ್ಲ ಎಂದು ಖಚಿತವಾಗಿ ಹೇಳುತ್ತದೆ. ಒಂದೇ ಮಣ್ಣು, ಒಂದು ನಿಯಮದಲ್ಲಿ ಬಳಕೆ, ಇನ್ನೊಂದರಲ್ಲಿ ಕಸ. ಯಾವ ನಿಯಮದಡಿ ಲೆಕ್ಕ ಕೊಡುತ್ತೀರೋ ಅದರ ಅರ್ಥವನ್ನು ಚಾಲಕರಿಗೂ ತಿಳಿಸಬೇಕಾದವಳು ನಾನಾಗಿದ್ದೆ.

ಇಪ್ಪತ್ತನಾಲ್ಕು ಟನ್ ಕಳೆದು 151 ಟನ್ ಉಳಿಯಿತು. 216ರಲ್ಲಿ 151 ಎಂದರೆ 69.9. ಎರಡನೆಯ ಅಂಕಕ್ಕೆ 162 ಟನ್ ಬೇಕಿತ್ತು. ಯಂತ್ರ ಕೆಟ್ಟ ಆ ಎರಡು ದಿನ ರಾಶಿಯನ್ನು ಸೈಟಿನಲ್ಲೇ ಬಿಟ್ಟುಕೊಂಡಿದ್ದರೆ ಸಾಕಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಒಂದು ಅಂಕಕ್ಕಾಗಿ ಇಷ್ಟು ಸಂಕಟವೇ ಎಂದು ಮನೆಯವರು ಕೇಳಿದರು. ಅಂಕಕ್ಕಿಂತಲೂ ಕೇಳದೆ ಬಿಟ್ಟ ಆ ಒಂದು ಪ್ರಶ್ನೆ ಚುಚ್ಚುತ್ತಿತ್ತು. ತಿದ್ದಿದ ಹಾಳೆಯನ್ನು ನಡೆದದ್ದರ ವಿವರಣೆಯೊಂದಿಗೆ ಕಳಿಸಿದೆ, ಒಂದು ಅಂಕ ಮಂಜೂರಾಯಿತು.

ಖರ್ಚಿನ ವಿಷಯ ಕೇಳುವವರಿಗೆ ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ವಿಂಗಡಿಸಿ ಇಳಿಸಲು ಆಳುಗಳ ಕೂಲಿ ಹೆಚ್ಚಾಯಿತು, ಅದರಲ್ಲಿ ಬಹುಪಾಲು ಲೋಹ ಮಾರಿದ ಹಣದಿಂದ ಹಿಂದೆ ಬಂತು. ಭೂಭರ್ತಿಗೆ ಟನ್ನಿನ ಲೆಕ್ಕದಲ್ಲಿ ಕೊಡಬೇಕಾದ ಶುಲ್ಕ ಕಡಿಮೆಯಾಯಿತು. ಲೆಕ್ಕಕ್ಕೆ ಸಿಗದೆ ಹೋದದ್ದು ಜಾಗ. ಐದು ತೊಟ್ಟಿಗಳನ್ನು ನಿಲ್ಲಿಸಲು ಹೊಸ ಸಾಮಾನು ಇಳಿಸುವ ಅಂಗಳವನ್ನು ಬಿಟ್ಟುಕೊಡಬೇಕಾಯಿತು, ಅದರಿಂದ ಬೇರೆ ಗುತ್ತಿಗೆದಾರರೊಡನೆ ನಿತ್ಯ ಜಗಳ. ನನ್ನ ಸಮಯ ದಿನಕ್ಕೆ ಒಂದು ಗಂಟೆ ಎಂದು ಹಿಡಿದಿದ್ದರು, ಮೊದಲ ಎರಡು ತಿಂಗಳು ನಾಲ್ಕು ಗಂಟೆಗೆ ಕಡಿಮೆಯಾಗಲಿಲ್ಲ.

ಮರದ ಲೆಕ್ಕದಲ್ಲಿ ಹಳೆಯ ಬಾಗಿಲುಗಳೂ ಇದ್ದವು. ಒಟ್ಟು 46 ಗಟ್ಟಿ ಬಾಗಿಲುಗಳು, ಒಂದನ್ನು ತೂಗಿದಾಗ 32 ಕಿಲೋ. ನಲವತ್ತನ್ನು ಬೇಕಾದವರು ಬಂದು ಒಯ್ದರು, ಪಡೆದವರ ಸಹಿಯಿರುವ ಪತ್ರಗಳು ಕಡತದಲ್ಲಿವೆ. ಉಳಿದ ಆರನ್ನು ಯಾರೂ ಒಯ್ಯಲಿಲ್ಲ, ಎಸೆಯಲು ನನಗೂ ಮನಸ್ಸಾಗಲಿಲ್ಲ. ಕಡತ ಮುಚ್ಚಿದರೂ ಅವು ನೆಲಮಾಳಿಗೆಯ ಗೋಡೆಗೆ ಒರಗಿ ನಿಂತಿವೆ. ಹೊರಗೆ ಹೋಗಿಲ್ಲವಾದ್ದರಿಂದ 216 ಟನ್ನಿನಲ್ಲೂ ಅವು ಇಲ್ಲ, 151ರಲ್ಲೂ ಇಲ್ಲ.